ನೈಋತ್ಯದ ತೂಕ

ವಿಜಯವಾಡದ ಹೋಟೆಲ್ ಶ್ರೀಶಿಖರ ಇಂಟರ್‌ನ್ಯಾಷನಲ್‌ನ ಪ್ರತಿಯೊಂದು ಕೋಣೆಯಲ್ಲೂ ಟೆಲಿಫೋನಿನ ಪಕ್ಕ ಹೊಳಪು ಕಾಗದದ ಒಂದು ಕಾರ್ಡು ಇಟ್ಟಿರುತ್ತಾರೆ. ಹೋಟೆಲಿನ ಚರಿತ್ರೆ ಅದರಲ್ಲಿದೆ. 'ದೂರದೃಷ್ಟಿಯ ಯುವ ಉದ್ಯಮಿ ಶ್ರೀ ದುರ್ಗಾಪ್ರಸಾದ್ ಅವರ ಕನಸಿನ ಫಲವಾಗಿ, ಪಾಳುಬಿದ್ದ ನಿವೇಶನವೊಂದರಲ್ಲಿ ಹನ್ನೊಂದು ಮಹಡಿಗಳ ಈ ಭವ್ಯ ಸೌಧ ತಲೆಯೆತ್ತಿತು' ಎಂದು ಅದು ಶುರುವಾಗುತ್ತದೆ. ಪಾಳುಬಿದ್ದ ನಿವೇಶನವಂತೆ! ಆ ಪಾಳಿನಲ್ಲಿ ನಾನು ಮೂರು ವರ್ಷ ಎರಡು ಹೊತ್ತೂ ಹೊಟ್ಟೆ ತುಂಬ ಉಂಡಿದ್ದೇನೆ. ಕಾರ್ಡು ಬರೆದವನು ಸಿಕ್ಕಿದರೆ ಆ ಮಾತು ಅವನ ಮುಖಕ್ಕೇ ಹೇಳಬೇಕೆಂದಿದ್ದೆ. ಬರೆದವನು ದುರ್ಗಾಪ್ರಸಾದನೇ ಎಂದು ಗೊತ್ತಾದ ಮೇಲೆ ಸುಮ್ಮನಾದೆ. ಅವನಿಗೆ ಏನು ಹೇಳಿದರೂ, ಯಾವ ದಿಕ್ಕಿಗೆ ನಿಂತು ಹೇಳುತ್ತಿದ್ದೀರಿ ಎಂದು ಮೊದಲು ಕೇಳುತ್ತಾನೆ.

ನಾನು ತುಮಕೂರಿನವನು, ಹೆಸರು ಶ್ರೀಕಂಠ. ಬ್ಯಾಂಕಿನವರು ಎಂಬತ್ತಮೂರರಲ್ಲಿ ನನ್ನನ್ನು ವಿಜಯವಾಡಕ್ಕೆ ವರ್ಗ ಮಾಡಿ ಒಗೆದರು. ಅಲ್ಲಿನ ಬಿಸಿಲಿಗೂ ಖಾರಕ್ಕೂ ಒಂದೇ ವಾರದಲ್ಲಿ ನಾನು ಒಣಗಿದ ಸೊಪ್ಪಾಗಿದ್ದಾಗ, ಶಾಖೆಯ ಇನ್ನೊಬ್ಬ ಕನ್ನಡಿಗ ಗುಮಾಸ್ತ ಕೈಹಿಡಿದು ಗವರ್ನರ್‌ಪೇಟೆಯ ಒಂದು ಹೆಂಚಿನ ಮನೆಗೆ ಕರೆದೊಯ್ದ. ಬೋರ್ಡಿಲ್ಲ. ಊರಿನವರು 'ಕನ್ನಡದಮ್ಮನ ಮೆಸ್' ಎನ್ನುತ್ತಿದ್ದರು. ಮುಖ್ಯರಸ್ತೆಗೆ, ಅಂದರೆ ದಕ್ಷಿಣಕ್ಕೆ, ಬಾಗಿಲು. ಒಳಗೆ ಉದ್ದಕ್ಕೆ ಎಲೆ ಹಾಕಿರುತ್ತಿತ್ತು. ಹಿತ್ತಲಿನ ಮೂಲೆಯಲ್ಲಿ, ಬಾವಿಯ ಪಕ್ಕ, ಅಡಿಗೆಮನೆ. ಅಲ್ಲಿಂದ ಹುರುಳಿಕಾಳಿನ ಬಸ್ಸಾರಿನ ವಾಸನೆ ಬಂತು ನೋಡಿ, ನನಗೆ ಕಣ್ಣಲ್ಲಿ ನೀರೇ ಬಂತು.

ಮೆಸ್ ನಡೆಸುತ್ತಿದ್ದವರು ಹೈಮಾವತಮ್ಮ. ಕೋಲಾರದ ಕಡೆ ಚಿಂತಾಮಣಿಯ ಹೆಣ್ಣು, ತೆಲುಗಿನವರ ಮನೆಗೆ ಸೊಸೆಯಾಗಿ ಬಂದವರು. ಮಗನಿಗೆ ಆರು ವರ್ಷವಿದ್ದಾಗ ಗಂಡ ಎದೆನೋವೆಂದು ಕೂತವರು ಏಳಲಿಲ್ಲ. ಉಳಿದದ್ದು ಆ ಮನೆ ಮತ್ತು ತವರಿನಿಂದ ತಂದಿದ್ದ ಒಂದು ರುಬ್ಬುವ ಕಲ್ಲು. ಅಷ್ಟರಲ್ಲೇ ಮೆಸ್ ಹಾಕಿ ಮಗನನ್ನು ಬಿ.ಕಾಂ. ಓದಿಸಿದರು. ಉಣ್ಣುವವರು ಕಡಿಮೆ ಬಡಿಸಿಕೊಂಡರೆ ಬೈಯುತ್ತಿದ್ದರು. "ಅದೇನ್ ಹಕ್ಕಿ ಥರ ಕುಕ್ತೀಯ, ಇನ್ನೊಂದ್ ಸೌಟು ಹಾಕ್ಸ್ಕೊ" ಎಂದು ಅವರು ಗದರಿದರೆ ಬ್ಯಾಂಕಿನ ಮ್ಯಾನೇಜರರೂ ತೆಪ್ಪಗೆ ಎಲೆ ಮುಂದೆ ಸರಿಸುತ್ತಿದ್ದರು.

ಮಗ ದುರ್ಗಾಪ್ರಸಾದ್ ಆಟೋನಗರ್‌ನಲ್ಲಿ ಲಾರಿಗೆ ಬಾಡಿ ಕಟ್ಟಿಸುವ ಷೆಡ್ಡು ಹಾಕಿ ಚೆನ್ನಾಗಿ ಕಾಸು ಮಾಡಿದ. ಕೆಟ್ಟವನಲ್ಲ. ತಾಯಿಯನ್ನು ಕಂಡರೆ ಪ್ರಾಣ. ಅವನಿಗಿದ್ದ ರೋಗ ಒಂದೇ, ಯಾರಾದರೂ ಗಟ್ಟಿಯಾಗಿ ಹೇಳಿದರೆ ನಂಬಿಬಿಡುತ್ತಿದ್ದ.

ಎಂಬತ್ತಾರರಲ್ಲಿ ಯಾವನೋ ಲಾರಿ ಸಾಹುಕಾರನ ಮಗಳ ಮದುವೆಗೆಂದು ವಿಶಾಖಪಟ್ಟಣಕ್ಕೆ ಹೋದ. ಅಲ್ಲಿ ಸಮುದ್ರದ ಎದುರಿಗಿದ್ದ ಎತ್ತರದ ಹೋಟೆಲೊಂದರ ಮೇಲ್ಮಹಡಿಯಲ್ಲಿ ನಿಂತು, ಕೆಳಗೆ ಬರುವ ಹಡಗುಗಳನ್ನು ನೋಡುತ್ತ ಟೊಮೇಟೊ ಸೂಪು ಕುಡಿದನಂತೆ. ಆ ಸೂಪು ಅವನ ತಲೆಗೇರಿತು. ನಮ್ಮೂರಲ್ಲೂ ಇಂಥದೊಂದು ಕಟ್ಟಿ ಮೇಲಿನಿಂದ ಕೃಷ್ಣಾ ನದಿ ತೋರಿಸುತ್ತೇನೆ ಎಂದು ಹಟ ಹಿಡಿದು ವಾಪಸ್ಸು ಬಂದ. ಬೇಸಿಗೆಯಲ್ಲಿ ಕೃಷ್ಣೆಯಲ್ಲಿ ಮರಳು ಬಿಟ್ಟರೆ ಏನು ಕಾಣುತ್ತದೆ ಎಂದು ಯಾರೂ ಕೇಳಲಿಲ್ಲ. ಬರುವಾಗ ಒಬ್ಬರನ್ನು ಜೊತೆಗೂ ಕರೆತಂದಿದ್ದ. ಅವರೇ ವಾಸ್ತು ವಿಶಾರದ ಕಾಮೇಶ್ವರ ಗಾರು.

ಆ ಕಾಲದಲ್ಲಿ ಆಂಧ್ರಕ್ಕೆ ವಾಸ್ತುವಿನ ಹುಚ್ಚು ಹಿಡಿದಿತ್ತು. ಗಟ್ಟಿಮುಟ್ಟಾದ ಗೋಡೆಗಳನ್ನು ಒಡೆಯುವುದು, ಇದ್ದ ಬಾಗಿಲು ಮುಚ್ಚಿ ಇಲ್ಲದ ಕಡೆ ತೆರೆಯುವುದು, ಊರಿನ ಗಾರೆಕೆಲಸದವರಿಗೆಲ್ಲ ಸುಗ್ಗಿ. ಕಾಮೇಶ್ವರ ಗಾರು ಒಂದು ಕೈಯಲ್ಲಿ ದಿಕ್ಸೂಚಿ, ಇನ್ನೊಂದರಲ್ಲಿ ವೀಳ್ಯದೆಲೆ ಹಿಡಿದು ಮೆಸ್ಸಿನ ಒಳಗೆಲ್ಲ ತಿರುಗಿದರು. ಹಿತ್ತಲಿನ ಮೂಲೆಗೆ ಬಂದದ್ದೇ ಹಾವು ಕಂಡವರಂತೆ ನಿಂತರು.

"ಈಶಾನ್ಯದಲ್ಲಿ ಒಲೆ! ದಕ್ಷಿಣಕ್ಕೆ ಬಾಗಿಲು! ಇಷ್ಟು ವರ್ಷ ಈ ಮನೆಯಲ್ಲಿ ಹೇಗೆ ಬದುಕಿದಿರಮ್ಮಾ?" ಎಂದರು.

"ಒಲೆ ಹಚ್ಕೊಂಡು" ಎಂದರು ಹೈಮಾವತಮ್ಮ.

ನಾವು ಉಣ್ಣುತ್ತಿದ್ದವರೆಲ್ಲ ನಕ್ಕೆವು. ಕಾಮೇಶ್ವರ ಗಾರು ನಗಲಿಲ್ಲ. "ಯಜಮಾನರು?" ಎಂದು ಕೇಳಿದರು. ಚಿಕ್ಕ ವಯಸ್ಸಿಗೇ ಹೋದರು ಎಂದು ದುರ್ಗಾಪ್ರಸಾದ್ ಹೇಳಿದ. ಅವರು ಒಮ್ಮೆ ದಕ್ಷಿಣದ ಬಾಗಿಲನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು. ಅಷ್ಟೇ ಸಾಕಾಯಿತು. ಅವತ್ತಿನಿಂದ ದುರ್ಗಾಪ್ರಸಾದ್ ಆ ಹೊಸ್ತಿಲನ್ನು ದಾಟುವಾಗ ಉಸಿರು ಹಿಡಿದುಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಮನೆ ಕೆಡವಲು ತಾಯಿ ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಮಗ ಅವರ ಕೈ ಹಿಡಿದುಕೊಂಡು, ನಮ್ಮೆದುರಿಗೇ, "ಅಮ್ಮಾ, ಕೆಳಗಿನ ಮಹಡೀಲಿ ನಿನಗೊಂದು ಅಡಿಗೆಮನೆ, ಊಟದ ಹಾಲ್. ಗ್ರಾನೈಟ್ ಕಟ್ಟೆ, ಗ್ಯಾಸು. ನಿನ್ನ ಮೆಸ್ ಅಲ್ಲೇ ನಡೆಯುತ್ತೆ. ಪ್ರಾಮಿಸ್ ಅಮ್ಮಾ" ಎಂದ. ಅವರಿಗೆ ಬೇಕಾಗಿದ್ದದ್ದೂ ಅಷ್ಟೇ: ನೆಲದ ಮೇಲೊಂದು ಒಲೆ, ಸುತ್ತ ಉಣ್ಣುವ ನಾಲ್ಕು ಜನ. ಆಯಿತು ಎಂದರು.

ಎಂಬತ್ತೊಂಬತ್ತರಲ್ಲಿ ಕಟ್ಟಡ ಎದ್ದು ನಿಂತಿತು. ದುರ್ಗಾಪ್ರಸಾದನಿಗೆ ಗೊತ್ತಿದ್ದ ವಿದ್ಯೆ ಲಾರಿ ಕಟ್ಟುವುದು, ಹಾಗಾಗಿ ಹೋಟೆಲನ್ನೂ ಹಾಗೇ ಕಟ್ಟಿದ್ದ. ಮಹಡಿಗೊಂದು ಬಣ್ಣ, ನೆತ್ತಿಯ ಮೇಲೆ ಸಾಲು ದೀಪ, ಮುಂಭಾಗಕ್ಕೆ ದೃಷ್ಟಿ ತಾಕದಂತೆ ಕರಿಯ ಜಡೆ, ನಿಂಬೆಹಣ್ಣು, ಮೆಣಸಿನಕಾಯಿ. ಹಿಂದೆ 'ಹಾರ್ನ್ ಮಾಡಿ' ಎಂದು ಬರೆಸುವುದೊಂದು ಬಾಕಿ. ಎಲ್ಲವೂ ಇತ್ತು, ಮುಖ್ಯರಸ್ತೆಯ ಕಡೆಗೆ ಬಾಗಿಲು ಮಾತ್ರ ಇರಲಿಲ್ಲ. ದಕ್ಷಿಣ ಯಮನ ದಿಕ್ಕಲ್ಲವೇ? ಅಲ್ಲಿ ಹನ್ನೊಂದು ಮಹಡಿ ಎತ್ತರದ ಬರಿಯ ಗೋಡೆ. ಬಾಗಿಲು ಪೂರ್ವದ ಚರಂಡಿ ಓಣಿಯಲ್ಲಿತ್ತು. ಮೊದಲನೆಯ ಮದುವೆಗೆ ಬಂದ ಗುಂಟೂರಿನ ಬೀಗರ ದಿಬ್ಬಣ, ಬ್ಯಾಂಡು ಬಾರಿಸಿಕೊಂಡು ಬಾಗಿಲು ಹುಡುಕುತ್ತ ಕಟ್ಟಡಕ್ಕೆ ಎರಡು ಪ್ರದಕ್ಷಿಣೆ ಹಾಕಿತು. ಮೂರನೆಯದಕ್ಕೆ ಕುದುರೆ ಒಪ್ಪಲಿಲ್ಲ, ಮದುಮಗ ಇಳಿದು ಚರಂಡಿ ದಾಟಿದ.

ಹೈಮಾವತಮ್ಮನ ಅಡಿಗೆಮನೆ ಆಗ್ನೇಯ ಮೂಲೆಯಲ್ಲಿ ಆಗಬೇಕಿತ್ತು, ಅದು ಅಗ್ನಿಯ ಜಾಗ. ಅಷ್ಟರಲ್ಲಿ ಜನರೇಟರ್ ಬಂತು. ಡೀಸೆಲ್ಲೂ ಅಗ್ನಿಯೇ, ದೊಡ್ಡ ಅಗ್ನಿಗೆ ಜಾಗ ಬಿಡಬೇಕು ಎಂದರು ಕಾಮೇಶ್ವರ ಗಾರು. ಗ್ರಾನೈಟ್ ಕಟ್ಟೆಯ ಮೇಲೆ ಜನರೇಟರ್ ಕೂತಿತು. ಅವರ ರುಬ್ಬುವ ಕಲ್ಲನ್ನು ಅದರ ಹಿಂದೆ ಉರುಳಿಸಿಟ್ಟರು. ಹೋಟೆಲಿನ ಅಡಿಗೆ ಎರಡನೆಯ ಮಹಡಿಯಲ್ಲಿ, ಬೊಂಬಾಯಿಯಿಂದ ಬಂದ ಬಿಳಿ ಟೋಪಿಯ ಷೆಫ್ ಕೈಯಲ್ಲಿ. ಒಂದು ದಿನ ಹೈಮಾವತಮ್ಮ ಅಲ್ಲಿಗೆ ಹೋಗಿ ಕೂತು ಸೊಪ್ಪು ಬಿಡಿಸಲು ಶುರುಮಾಡಿದರೆ, ಆ ಮನುಷ್ಯ 'ಹೈಜೀನ್' ಎಂದು ಎಬ್ಬಿಸಿದನಂತೆ. ಇಷ್ಟು ವರ್ಷ ಊರಿಗೆ ಉಣ್ಣಿಸಿದ ಕೈಗೆ ಹೈಜೀನ್ ಹೇಳಿಕೊಟ್ಟ! ನನಗೆ ಈಗಲೂ ರಕ್ತ ಕುದಿಯುತ್ತದೆ.

ಹೋಟೆಲು ನಡೆಯಲಿಲ್ಲ. ಇಂಟರ್‌ನ್ಯಾಷನಲ್ ಎಂದು ಹೆಸರಿಟ್ಟರೂ ಬರುತ್ತಿದ್ದವರು ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಗಳು. ವಿಶಾಖಪಟ್ಟಣಕ್ಕೆ ಸಮುದ್ರವಿದೆಯಲ್ಲ, ಇಲ್ಲಿ ಈಶಾನ್ಯದಲ್ಲಿ ನೀರಾದರೂ ಇರಲಿ ಎಂದು ಹಳೆಯ ಅಡಿಗೆಮನೆ ಇದ್ದ ಜಾಗದಲ್ಲಿ ಈಜುಕೊಳ ತೋಡಿಸಿದ್ದರು. ಬೆಲ್ಲದ ವ್ಯಾಪಾರಿಗಳು ಅದರಲ್ಲಿ ಪಂಚೆ ಒಗೆದುಕೊಳ್ಳುತ್ತಿದ್ದರು. ಮಿಕ್ಕ ಹೊತ್ತು ಅದು ಕಪ್ಪೆಗಳದು.

ಕಾಮೇಶ್ವರ ಗಾರು ಮತ್ತೆ ಬಂದರು. ಪೂರ್ವದ ಬಾಗಿಲು ಮುಚ್ಚಿಸಿ ಉತ್ತರಕ್ಕೆ, ಕುಬೇರನ ಕಡೆಗೆ, ತೆರೆಸಿದರು. ಕುಬೇರನ ಓಣಿಯಲ್ಲಿ ಇಸ್ತ್ರಿ ಗಾಡಿಗಳು ನಿಲ್ಲುತ್ತಿದ್ದವು. ಗಿರಾಕಿಗಳು ಒಗೆದ ಸೀರೆಗಳ ಕೆಳಗೆ ತಲೆ ತಗ್ಗಿಸಿಕೊಂಡು ಒಳಗೆ ಬರಬೇಕಾಯಿತು. ಆಮೇಲೆ, ಕಟ್ಟಡದ ನಡುಮಧ್ಯ ಬ್ರಹ್ಮಸ್ಥಾನ, ಅಲ್ಲಿ ಲಿಫ್ಟು ಮೇಲೆ ಕೆಳಗೆ ಓಡಾಡಿದರೆ ಬ್ರಹ್ಮನಿಗೆ ನೆಮ್ಮದಿ ಎಲ್ಲಿಂದ ಬರಬೇಕು ಎಂದು ಅದನ್ನೂ ಮುಚ್ಚಿಸಿದರು. ವಾಯವ್ಯದಲ್ಲಿ ಹೊಸ ಲಿಫ್ಟು ಬರಬೇಕು. ಅದು ಮದ್ರಾಸಿನಿಂದ ಬರುತ್ತಲೇ ಇತ್ತು.

ಇಷ್ಟಾದರೂ ಕೋಣೆಗಳು ತುಂಬದಿದ್ದಾಗ ಕಾಮೇಶ್ವರ ಗಾರಿಗೆ ಕೊನೆಯ ದೋಷ ಕಂಡಿತು. "ನೈಋತ್ಯದಲ್ಲಿ ತೂಕ ಇಲ್ಲ. ಮನೆಯ ಹಿರಿಯರು ನೈಋತ್ಯದಲ್ಲಿರಬೇಕು. ಎಷ್ಟು ಎತ್ತರದಲ್ಲಿದ್ದರೆ ಅಷ್ಟು ಒಳ್ಳೆಯದು."

ಮನೆಯ ಹಿರಿಯರೆಂದರೆ ಹೈಮಾವತಮ್ಮ. ಹನ್ನೊಂದನೆಯ ಮಹಡಿಯ ನೈಋತ್ಯದ ಕೋಣೆಗೆ ಅವರನ್ನು ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಹೊತ್ತು ಹತ್ತಿಸಿದರು. ಕೆಲವು ದಿನಕ್ಕೆ ಎಂದು ಮಗ ಹೇಳಿದ. ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲೆಲ್ಲ ಬಂದು ಬೀಳುವುದು ಆ ಮೂಲೆಗೇ. ಎ.ಸಿ. ಇತ್ತು, ಕರೆಂಟು ಇರುತ್ತಿರಲಿಲ್ಲ. ಕಾಫಿ ಕಾಯಿಸಲು ಒಂದು ಸ್ಟವ್ವು ಕೇಳಿದರೆ ನೈಋತ್ಯದಲ್ಲಿ ಬೆಂಕಿ ಕೂಡದಂತೆ.

ಅದೇ ವರ್ಷ, ತೊಂಬತ್ತೆರಡರಲ್ಲಿ, ಕೃಷ್ಣಾ ಪುಷ್ಕರ ಬಂತು. ಲಕ್ಷ ಲಕ್ಷ ಜನ ಸ್ನಾನಕ್ಕೆ ಬಂದರು. ಊರಿನಲ್ಲಿ ಸ್ಕೂಲುಗಳು, ಛತ್ರಗಳು, ದನದ ಕೊಟ್ಟಿಗೆಗಳು ಕೂಡ ತುಂಬಿದವು. ಶ್ರೀಶಿಖರವೂ ತುಂಬಿತು. ಲಿಫ್ಟಿಲ್ಲದ ಮೆಟ್ಟಿಲುಗಳನ್ನು ಭಕ್ತರು ಗೋವಿಂದ ಗೋವಿಂದ ಎನ್ನುತ್ತ ಹತ್ತಿದರು, ಬಹುಶಃ ಅದೂ ಒಂದು ಗುಡಿ ಎಂದುಕೊಂಡು. "ನೋಡಿದಿರಾ?" ಎಂದರು ಕಾಮೇಶ್ವರ ಗಾರು. ದುರ್ಗಾಪ್ರಸಾದ್ ನೋಡಿದ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಪುಷ್ಕರ ಅವನಿಗೆ ಕಾಣಲಿಲ್ಲ, ಮೇಲೆ ಕೂತ ತಾಯಿ ಕಂಡಳು. ಇನ್ನು ಆಕೆಯನ್ನು ಕೆಳಗಿಳಿಸುವ ಮಾತೇ ಇಲ್ಲ.

ಅಷ್ಟು ಹೊತ್ತಿಗೆ ನಾನು ಮದುವೆಯಾಗಿ ಪಟಮಟ ಬಡಾವಣೆಯಲ್ಲಿ ಮನೆ ಮಾಡಿದ್ದೆ. ವಾರಕ್ಕೊಮ್ಮೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಆ ಮೆಟ್ಟಿಲು ಹತ್ತುತ್ತಿದ್ದೆ. ಹೈಮಾವತಮ್ಮ ಸೊರಗಿ ಇಳಿದುಹೋಗಿದ್ದರು. ದಿನಕ್ಕೆ ಎರಡು ಹೊತ್ತು ಷೆಫ್ ಮಾಡಿದ ಕೆಂಪು ಗೋಬಿ ಮಂಚೂರಿ ಮೇಲಕ್ಕೆ ಬರುತ್ತಿತ್ತು, ಮುಟ್ಟದೆ ಕೆಳಕ್ಕೆ ಹೋಗುತ್ತಿತ್ತು. ಕಿಟಕಿಯಿಂದ ನೋಡಿದರೆ ಮನುಷ್ಯರು ಇರುವೆಗಳಂತೆ ಓಡಾಡುತ್ತಿದ್ದರು.

"ಶ್ರೀಕಂಠ, ಆ ಜನ ಎಲ್ಲಾ ಊಟಕ್ಕೆ ಎಲ್ಗೆ ಹೋಗ್ತಾರಪ್ಪ ಈಗ?" ಎಂದು ಕೇಳಿದರು ಒಂದು ದಿನ. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. "ನಾನ್ ಇಲ್ಲೇ ಇದ್ರೆ ಹೋಗ್ಬಿಡ್ತೀನಿ ಕಣೋ. ಕಾಯಿಲೆ ಏನಿಲ್ಲ. ಕೈಗೆ ಕೆಲ್ಸ ಇಲ್ದೆ ಹೋಗ್ಬಿಡ್ತೀನಿ."

ಅವತ್ತು ನಾನು ದುರ್ಗಾಪ್ರಸಾದನ ಕೋಣೆಗೆ ಹೋಗಿ ಜೋರಾಗಿಯೇ ಜಗಳವಾಡಿದೆ. ಅವನು ಸಿಟ್ಟಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, "ಶ್ರೀಕಂಠ ಗಾರು, ಅಮ್ಮ ಮೇಲಿರೋದು ಹೋಟ್ಲಿಗೆ ಮಾತ್ರ ಅಂತ ತಿಳ್ಕೊಂಡ್ರಾ? ಅಮ್ಮಂಗೂ ಅದೇ ರಕ್ಷಣೆ ಅಲ್ವಾ, ಕದಾ ಅಂಡಿ" ಎಂದ. ಇಂಥವನ ಜೊತೆ ಜಗಳವಾಡುವುದಾದರೂ ಹೇಗೆ?

ದಾರಿ ಹುಡುಕಿದವರು ಹೈಮಾವತಮ್ಮನೇ. ಮುಂದಿನ ವರ್ಷ ಹಬ್ಬದ ಹೊತ್ತಿಗೆ ಕಾಮೇಶ್ವರ ಗಾರು ನೈಋತ್ಯದ ಪರೀಕ್ಷೆಗೆಂದು ಮೇಲೆ ಬಂದರು. ಹೊಸ ಲಿಫ್ಟು ಇನ್ನೂ ಮದ್ರಾಸಿನ ಆಚೆ ಎಲ್ಲೋ ಇತ್ತು. ಹನ್ನೊಂದು ಮಹಡಿ ಹತ್ತಿದ ವಿಶಾರದರು ಮಂಚದ ಮೇಲೆ ಕುಕ್ಕರಿಸಿ ಬಾಯಿ ತೆರೆದು ಉಸಿರಾಡುತ್ತಿದ್ದರು. ನಾನೂ ದುರ್ಗಾಪ್ರಸಾದನೂ ಅಲ್ಲಿದ್ದೆವು. ಹೈಮಾವತಮ್ಮ ಅವರಿಗೆ ಒಂದು ಲೋಟ ನೀರು ಕೊಟ್ಟು, ಬಹಳ ವಿನಯದಿಂದ ಕೇಳಿದರು.

"ಸ್ವಾಮೀ, ಈ ಮೂಲೇಲಿ ಬೇಕಾಗಿರೋದು ನಾನಾ, ತೂಕಾನಾ?"

"ತೂಕ ತಾಯಿ. ಶಾಸ್ತ್ರ ಕೇಳೋದು ತೂಕವನ್ನ."

"ಹಂಗಾದ್ರೆ ಮೋಸ ಆಗ್ತಾ ಐತೆ. ನನ್ನ ನೋಡಿ, ರವಿಕೆ ಎಲ್ಲಾ ಸಡ್ಲ ಆಗೈತೆ. ತಿಂಗಳು ತಿಂಗಳು ಇಳೀತಾ ಇದೀನಿ. ಹಿಂಗೇ ಇಳ್ಕೊಂಡು ಹೋದ್ರೆ ಇವನ ವ್ಯಾಪಾರದ ಗತಿ ಏನು?"

ಕಾಮೇಶ್ವರ ಗಾರು ಯೋಚನೆಗೆ ಬಿದ್ದರು. ದುರ್ಗಾಪ್ರಸಾದನ ಮುಖ ಬಿಳಿಚಿಕೊಂಡಿತು.

"ಕೆಳಗೆ ಜನರೇಟರ್ ಹಿಂದೆ ನನ್ನ ರುಬ್ಬೋ ಕಲ್ಲು ಬಿದ್ದೈತೆ," ಎಂದು ಅವರು ಮುಂದುವರಿಸಿದರು. "ನಾಲ್ಕು ಆಳು ಹಿಡಿದ್ರೆ ಏಳೋದು. ನನಗಿಂತ ಎಷ್ಟೋ ಪಾಲು ಭಾರ. ಇಳಿಯೋದಿಲ್ಲ, ಸೊರಗೋದಿಲ್ಲ, ಸಾಯೋದಿಲ್ಲ. ಅದನ್ನ ತಂದು ಇಲ್ಲಿಡಿ. ಪರೀಕ್ಷೆಗೆ ಅಂತ ನೀವೂ ಹತ್ತಿ ಬರೋದು ತಪ್ಪುತ್ತೆ."

ವಿಶಾರದರು ಮೆಟ್ಟಿಲಿನ ಕಡೆ ಒಮ್ಮೆ ನೋಡಿದರು. ಶಾಸ್ತ್ರ ಆ ಕ್ಷಣವೇ ಬಾಗಿತು. "ಶಿಲೆ... ಶಿಲೆ ಉತ್ತಮ" ಎಂದರು.

ದುರ್ಗಾಪ್ರಸಾದ್ ಕೇಳಿದ್ದು ಒಂದೇ ಮಾತು: "ಅಮ್ಮನಷ್ಟೇ ಶಕ್ತಿ ಇರುತ್ತಾ ಅಂಡಿ ಅದಕ್ಕೆ?"

"ಅಮ್ಮನ ಕೈ ಆಡಿದ ಕಲ್ಲು. ಎರಡು ಪಾಲು ಇರುತ್ತೆ."

ಅವನ ಮುಖ ಅರಳಿತು. ಅದನ್ನು ನೋಡಿ ಹೈಮಾವತಮ್ಮ ಕಿಟಕಿಯ ಕಡೆ ತಿರುಗಿಕೊಂಡರು. ಗೆದ್ದವರ ಮುಖ ಹಾಗಿರುವುದಿಲ್ಲ.

ಮರುದಿನ ಹಮಾಲಿಗಳು ಕಲ್ಲನ್ನು ಹಗ್ಗ ಕಟ್ಟಿ ಮೇಲೆ ಎಳೆದರು. ಅದೇ ಮೆಟ್ಟಿಲಲ್ಲಿ ಹೈಮಾವತಮ್ಮ ನನ್ನ ಹೆಂಡತಿ ಸುಲೋಚನಾಳ ಭುಜ ಹಿಡಿದುಕೊಂಡು ಕೆಳಗೆ ಇಳಿದರು. ಆರನೆಯ ಮಹಡಿಯಲ್ಲಿ ಕಲ್ಲು ಅವರಿಗೆ ಎದುರಾಯಿತು. ಕಲ್ಲಿಗೆ ದಾರಿ ಬಿಡಲು ಅವರು ಗೋಡೆಗೆ ಒತ್ತಿ ನಿಂತು, ಹಾದುಹೋಗುವಾಗ ಅದನ್ನು ಒಮ್ಮೆ ಸವರಿದರು. ಚಿಂತಾಮಣಿಯಿಂದ ಬಂದದ್ದರಲ್ಲಿ ಉಳಿದಿದ್ದದ್ದು ಅದೊಂದೇ.

ಕೆಳಗೆ ಒಲೆಗೆ ಜಾಗ ಇನ್ನೂ ಇರಲಿಲ್ಲ, ಜನರೇಟರ್ ಕದಲುವಂತಿರಲಿಲ್ಲ. ಪಟಮಟದಲ್ಲಿ ನಮ್ಮ ಬೀದಿಯಲ್ಲೇ ಒಂದು ಮನೆ ಬಹಳ ದಿನದಿಂದ ಖಾಲಿ ಬಿದ್ದಿತ್ತು. ಬಾಗಿಲು ದಕ್ಷಿಣಕ್ಕೆ, ಯಾರೂ ಬರುತ್ತಿರಲಿಲ್ಲ. ಹೈಮಾವತಮ್ಮ ಒಳಗೆ ಹೋಗಿ ಅಡಿಗೆಮನೆಯ ಕಿಟಕಿ ತೆರೆದು ನೋಡಿ, "ಗಾಳಿ ಚೆನ್ನಾಗೈತೆ" ಎಂದು ಅಲ್ಲೇ ಸೆರಗು ಸಿಕ್ಕಿಸಿಕೊಂಡರು. ಕರೆಂಟಿನ ಗ್ರೈಂಡರು ತಂದುಕೊಟ್ಟೆವು. ಹಿಟ್ಟು ಬಿಸಿಯಾಗುತ್ತದೆ ಎಂದು ದಿನಾ ಅದನ್ನು ಬೈಯುತ್ತಿದ್ದರು. ಬೈಗುಳ ಕೇಳಿ ನಮಗೆಲ್ಲ ಜೀವ ಬಂತು. ಒಂದೇ ವರ್ಷದಲ್ಲಿ ಬ್ಯಾಂಕಿನವರು, ಸಿಟಿ ಬಸ್ಸಿನ ಕಂಡಕ್ಟರರು, ಸ್ಕೂಲಿನ ಮೇಷ್ಟರುಗಳು, ಎಲ್ಲ ಯಮನ ಬಾಗಿಲಿನಿಂದಲೇ ಒಳಗೆ ಬಂದು ಉಂಡು ತೇಗಿಕೊಂಡು ಹೋಗುತ್ತಿದ್ದರು. ಒಬ್ಬರೂ ಸಾಯಲಿಲ್ಲ.

ಅತ್ತ ಶ್ರೀಶಿಖರದ ಮೇಲೆ ಕಲ್ಲಿಗೆ ಅರಿಸಿನ, ಕುಂಕುಮ, ಹೂವಿನ ಹಾರ, ಎ.ಸಿ. ದುರ್ಗಾಪ್ರಸಾದ್ ದಿನಾ ಬೆಳಿಗ್ಗೆ ಹತ್ತಿ ಹೋಗಿ ಅದಕ್ಕೆ ಕೈಮುಗಿಯುತ್ತಿದ್ದ. ಹೋಟೆಲು ಎಂದಿನಂತೆ ಖಾಲಿಯೇ ಇತ್ತು. ತಾಯಿಯ ಮನೆಗೆ ಮಾತ್ರ ಒಮ್ಮೆಯೂ ಬರಲಿಲ್ಲ. ಬರುತ್ತಿದ್ದದ್ದು ಡ್ರೈವರ್ ಕೈಯಲ್ಲಿ ಹಣ್ಣು, ಸೀರೆ.

"ಪ್ರಸಾದು ಊಟ ಸರಿಯಾಗಿ ಮಾಡ್ತಾನಾ?" ಎಂದು ಅವರು ಡ್ರೈವರನ್ನು ಕೇಳುತ್ತಿದ್ದರು. ಅವನು ತಲೆ ಕೆರೆದುಕೊಳ್ಳುತ್ತಿದ್ದ.

ತೊಂಬತ್ತೈದರ ಒಂದು ಮಧ್ಯಾಹ್ನ, ಪಂಕ್ತಿ ತುಂಬಿದ್ದಾಗ, ಎದುರಿಗೆ ಕಾರು ನಿಂತಿತು. ದುರ್ಗಾಪ್ರಸಾದ್ ಇಳಿದು ಗೇಟಿನವರೆಗೆ ಬಂದ. ಸೊರಗಿದ್ದ. ಬಸ್ಸಾರಿನ ವಾಸನೆಗೆ ಅವನ ಗಂಟಲು ಆಡಿದ್ದು ನನಗೆ ಎಲೆಯ ಮುಂದಿನಿಂದಲೇ ಕಂಡಿತು. ಹೈಮಾವತಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದರು.

"ಬಾರೋ, ಎಲೆ ಹಾಕ್ತೀನಿ."

"ಇಲ್ಲೇ ಹೊರಗೆ ಒಂದು ತಟ್ಟೇಲಿ ಕೊಡಮ್ಮಾ."

"ಬೀದೀಲಿ ನಿಲ್ಸಿ ನಾನು ಯಾರ್ಗೂ ಬಡಿಸಿಲ್ಲ. ಒಳಗೆ ಬಾ."

"ಅಮ್ಮಾ, ಪೂರ್ವಕ್ಕೆ ಒಂದು ಬಾಗಿಲು ಒಡೆಸಿಕೊಡ್ತೀನಿ. ನಾಳೇನೇ ಆಳು ಕಳಿಸ್ತೀನಿ."

"ಪೂರ್ವಕ್ಕೆ ಪಕ್ಕದ ಮನೆಯವರ ಬಚ್ಚಲು ಐತೆ. ಅವರು ಸ್ನಾನ ಮಾಡ್ತಿರ್ತಾರೆ. ಒಳಗೆ ಬಾ."

ಪಂಕ್ತಿಯಲ್ಲಿ ಒಬ್ಬಿಬ್ಬರು ಕಿಸಕ್ಕೆಂದರು. ಅವನಿಗೆ ಅದು ಕೇಳಿಸಲಿಲ್ಲ. ಹೊಸ್ತಿಲನ್ನೇ ನೋಡುತ್ತಿದ್ದ.

"ನೀನ್ ಹುಟ್ಟಿದ ಮನೆ ಬಾಗಿಲೂ ದಕ್ಷಿಣಕ್ಕೇ ಇತ್ತಲ್ಲೋ" ಎಂದರು ತಾಯಿ.

"ಹೌದಮ್ಮಾ. ಅಪ್ಪ ಅದೇ ಬಾಗಿಲಿಂದ ಹೋದ್ರು ಕದಾ."

ಆ ಮಾತಿಗೆ ಪಂಕ್ತಿಯಲ್ಲಿ ಕೈಗಳು ನಿಂತವು. ಇಷ್ಟು ವರ್ಷ ನಾನು ಯಾವುದನ್ನು ಹುಚ್ಚು ಎಂದು ನಗುತ್ತಿದ್ದೆನೋ ಅದರ ಕೆಳಗೆ ಆರು ವರ್ಷದ ಮಗುವಿನ ಹೆದರಿಕೆ ಕೂತಿತ್ತು. ಕಾಮೇಶ್ವರ ಗಾರಿಗೆ ಅದು ಒಂದೇ ನೋಟಕ್ಕೆ ಕಂಡಿತ್ತು, ಅದನ್ನೇ ಇಟ್ಟುಕೊಂಡು ಅವರು ಇಷ್ಟು ವರ್ಷ ಉಂಡರು.

ಹೈಮಾವತಮ್ಮನ ದನಿ ಮೆತ್ತಗಾಯಿತು. "ನಿಮ್ಮಪ್ಪ ಹೋದದ್ದು ಒಂದು ದಿನ ಕಣೋ. ಆಮೇಲೆ ದಿನಾ ಆ ಬಾಗಿಲಲ್ಲಿ ಉಣ್ಣೋ ಜನ ಒಳಗೆ ಬಂದ್ರು. ಅವರು ಬಂದದ್ದಕ್ಕೇ ನೀನು ಬೆಳೆದೆ. ಅದನ್ನ ಯಾಕೋ ಲೆಕ್ಕಕ್ಕೆ ಹಿಡಿಯಲ್ಲ?"

ಅವನು ಚಪ್ಪಲಿ ಬಿಟ್ಟ. ನಾನು ಪಕ್ಕಕ್ಕೆ ಸರಿದು ಜಾಗ ಮಾಡಿದೆ. ಬಲಗಾಲನ್ನು ಮೆಟ್ಟಿಲ ಮೇಲಿಟ್ಟ. ಆಮೇಲೆ ಕಾಲು ಹಿಂದಕ್ಕೆ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, "ಕ್ಷಮಿಸಮ್ಮಾ" ಎಂದು ಕಾರಿನ ಕಡೆ ನಡೆದ.

"ಡ್ರೈವರನ್ನಾದ್ರೂ ಕಳ್ಸು, ಅವನ್ಗೆ ಹಸಿವಾಗಿರುತ್ತೆ" ಎಂದು ಅವರು ಕೂಗಿದರು. ಡ್ರೈವರ್ ಬಂದು ಉಂಡ, ಎರಡು ಸಲ ಬಡಿಸಿಕೊಂಡ. ದುರ್ಗಾಪ್ರಸಾದ್ ಹಿಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದ.

ಹೈಮಾವತಮ್ಮ ಬಾಗಿಲಿಗೆ ಎದುರಾಗಿ ಒಂದು ಎಲೆ ಹಾಕಿ ಪೂರ್ತಿ ಬಡಿಸಿದರು. ಆ ಎಲೆಗೆ ಯಾರನ್ನೂ ಕೂರಿಸಲಿಲ್ಲ. ಪಂಕ್ತಿ ಎದ್ದಿತು, ಡ್ರೈವರ್ ಕೈತೊಳೆದು ಹೊರಗೆ ಹೋದ. ಕಾರು ಹೊರಡಲಿಲ್ಲ. ಆಗ ಅವರು ಸೌಟನ್ನು ಕೆಳಗಿಟ್ಟು, ಆ ಎಲೆಯ ಮುಂದೆ ತಾವೇ ಕೂತು, ಕಾರಿನ ಗಾಜನ್ನೇ ನೋಡುತ್ತ, ಮಗನಿಗೆ ಬಡಿಸಿದ್ದ ತಣ್ಣಗಾದ ಅನ್ನವನ್ನು ಒಂದೊಂದೇ ತುತ್ತು ಉಂಡರು.